ಶಿಕ್ಷೆಯ ಲೆಕ್ಕ, ಕುರ್ಚಿಯ ಲೆಕ್ಕ

2025ರ ಮೇ ತಿಂಗಳಿನಲ್ಲಿ, ನಮ್ಮ ಶಾಲೆಗಳಿಗೆ ಬೇಸಗೆ ರಜೆಯಿದ್ದಾಗ, ಮದುವೆಯೊಂದಕ್ಕಾಗಿ ಮಕ್ತಲಕ್ಕೆ ಹೋಗುವ ಸಂದರ್ಭ ಒದಗಿತು. ಮಕ್ತಲವು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಒಂದು ಪಟ್ಟಣ. ರಾಯಚೂರಿನಿಂದ ಹೊರಟು ಕೃಷ್ಣಾ ನದಿಯನ್ನು ದಾಟಿದೊಡನೆ ಆ ಸೀಮೆ ಆರಂಭವಾಗುತ್ತದೆ. ಹೊಳೆಯ ದಂಡೆಯ ಕೃಷ್ಣಾ, ಗುಡೇಬಲ್ಲೂರು ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ; ಕನ್ನಡ ಶಾಲೆಗಳೂ ಉಂಟು. ಸರಕಾರಿ ಕಾಗದಪತ್ರಗಳೆಲ್ಲ ತೆಲುಗಿನಲ್ಲಿ. ಕಾಸರಗೋಡಿನವರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಟಿ.ಸಿ.ಎಚ್. ಕಲಿತದ್ದು ರಾಯಚೂರಿನಲ್ಲಿ. ಅಂದು ಒಂದೇ ಕೋಣೆಯಲ್ಲಿದ್ದ ಸ್ನೇಹಿತರು ಈಗ ಆ ಕಡೆಯ ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಕರು. ಮದುವೆ ಅವರ ಮಗಳದು.

ಆ ವಾರವೇ, ಮೇ 6ರಂದು, ಹೈದರಾಬಾದಿನ ಸಿ.ಬಿ.ಐ. ವಿಶೇಷ ನ್ಯಾಯಾಲಯವು ಓಬಳಾಪುರಂ ಗಣಿ ಪ್ರಕರಣದಲ್ಲಿ ಗಂಗಾವತಿಯ ಶಾಸಕ ಗಾಲಿ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತ್ತು. ಎರಡೇ ದಿನಗಳಲ್ಲಿ ಕರ್ನಾಟಕ ವಿಧಾನಸಭೆಯ ಸಚಿವಾಲಯವು ಅವರ ಸದಸ್ಯತ್ವ ಹೋಗಿದೆಯೆಂದು ಪ್ರಕಟಿಸಿತು. ಚಪ್ಪರದ ಅಡಿಯಲ್ಲಿ ಇದೇ ಮಾತು. ಗದ್ವಾಲ ತಾಲೂಕಿನ ಗಟ್ಟು ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, ನಾನು ಸಮಾಜ ಪಾಠ ಹೇಳುವವನೆಂದು ತಿಳಿದು, ಹತ್ತಿರ ಕುರ್ಚಿ ಎಳೆದುಕೊಂಡು ಕೇಳಿದರು: "ಏನ್ರೀ ಮಾಸ್ತರ, ಗಂಗಾವತಿಯವರ ಕುರ್ಚಿ ಎರಡೇ ದಿನಕ್ಕ ಹೋತು. ನಮ್ಮ ಗದ್ವಾಲದ ಕೇಸು ಐದು ವರ್ಷ ಹಿಡೀತು. ದೇಶ ಒಂದ ಐತಿ, ಕಾಯ್ದೆ ಎರಡೇನು?"

ಊಟಕ್ಕೆ ಕರೆ ಬಂದುದರಿಂದ ನಾನು ಪಾರಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಗದ್ವಾಲದ ವಿಷಯ. ಸೀರೆಯಿಂದ ಹೆಸರಾದ ಆ ಊರು, ಕೋಟೆಯೂ ಅದರೊಳಗೆ ಕೇಶವ ದೇವಾಲಯವೂ ಇರುವ ಹಳೆಯ ಸಂಸ್ಥಾನ. 2018ರ ಡಿಸೆಂಬರಿನ ಚುನಾವಣೆಯಲ್ಲಿ ಅಲ್ಲಿ ಟಿ.ಆರ್.ಎಸ್.ನ ಬಂಡ್ಲ ಕೃಷ್ಣಮೋಹನ ರೆಡ್ಡಿಯವರು ಗೆದ್ದರು. ಆಗ ಕಾಂಗ್ರೆಸ್ಸಿನಲ್ಲಿದ್ದ ಡಿ.ಕೆ. ಅರುಣಾ ಅವರು ಎರಡನೆಯ ಸ್ಥಾನದಲ್ಲಿದ್ದರು. ನಾಮಪತ್ರದೊಡನೆ ಕೊಟ್ಟ ಪ್ರಮಾಣಪತ್ರದಲ್ಲಿ ಗೆದ್ದವರು ಆಸ್ತಿಯ ವಿವರಗಳನ್ನು ಮರೆಮಾಚಿದ್ದಾರೆಂದು ಸೋತವರು ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಿದರು. 2023ರ ಆಗಸ್ಟ್ 24ರಂದು ತೆಲಂಗಾಣ ಹೈಕೋರ್ಟು ಅರ್ಜಿಯನ್ನು ಎತ್ತಿಹಿಡಿದು, ಆ ಆಯ್ಕೆ ಅಸಿಂಧುವೆಂದೂ ಅರುಣಾ ಅವರೇ ಆಯ್ಕೆಯಾದವರೆಂದೂ ಘೋಷಿಸಿತು. ಮುಂದಿನ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ನವೆಂಬರ್ 30ಕ್ಕೆ ಹೊಸ ಚುನಾವಣೆಯೇ ಬಂತು. ಕೃಷ್ಣಮೋಹನ ರೆಡ್ಡಿಯವರು ಮತ್ತೆ ಗೆದ್ದರು. ಅರುಣಾ ಅವರು ಆ ಹೊತ್ತಿಗೆ ಬಿ.ಜೆ.ಪಿ.ಯಲ್ಲಿದ್ದು, 2024ರಲ್ಲಿ ಮಹಬೂಬನಗರದಿಂದ ಲೋಕಸಭೆಗೆ ಹೋದರು. ಇಬ್ಬರೂ ಜನರಿಂದ ಆರಿಸಿ ಬಂದವರೇ. ಯಾರು ಸರಿ, ಯಾರು ತಪ್ಪು ಎಂದು ಹೇಳಲು ನಾನು ಹೊರಟಿಲ್ಲ. ಚುನಾವಣಾ ಅರ್ಜಿಯ ವಿಚಾರಣೆಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು 1951ರ ಜನಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಗದ್ವಾಲದ ಅರ್ಜಿಗೆ ನಾಲ್ಕು ವರ್ಷಗಳ ಮೇಲಾಯಿತು. ತೀರ್ಪು ಬಂದಾಗ ಆ ವಿಧಾನಸಭೆಯ ಆಯುಸ್ಸಿನಲ್ಲಿ ಉಳಿದಿದ್ದದ್ದು ಕೆಲವೇ ತಿಂಗಳು.

ಇದನ್ನು ಕೇಳಿದಾಗ ನಮಗೆ ಮಂಜೇಶ್ವರ ನೆನಪಾಗದಿರದು. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಬರೇ 89 ಮತಗಳಿಂದ. ಸತ್ತವರ, ವಿದೇಶದಲ್ಲಿರುವವರ ಹೆಸರಿನಲ್ಲಿ ಮತ ಬಿದ್ದಿದೆಯೆಂದು ಅರ್ಜಿ ಹೋಯಿತು. ಸತ್ತವರೆಂದು ಹೇಳಲಾಗಿದ್ದ ಕೆಲವರು ಮನೆಯಂಗಳದಲ್ಲಿ ನಿಂತು ಸಮನ್ಸು ಪಡೆದ ಸುದ್ದಿಯನ್ನು ನಾವೆಲ್ಲ ಓದಿ ನಕ್ಕಿದ್ದೆವು. 2018ರ ಅಕ್ಟೋಬರಿನಲ್ಲಿ ಶಾಸಕರೇ ತೀರಿಕೊಂಡರು, ಅರ್ಜಿ ಹಿಂತೆಗೆದುಕೊಳ್ಳಲ್ಪಟ್ಟಿತು, ಮರುವರ್ಷ ಉಪಚುನಾವಣೆ ನಡೆಯಿತು. 89 ಮತಗಳ ನಿಜಸ್ಥಿತಿ ಏನೆಂಬುದು ತೀರ್ಪಿಗೆ ಬಾರದೆ ಹೋಯಿತು.

ಇನ್ನು ಗಂಗಾವತಿಯ ದಾರಿ ಬೇರೆ. ಅದು ಚುನಾವಣಾ ಅರ್ಜಿಯಲ್ಲ, ಶಿಕ್ಷೆ. ಜನಪ್ರಾತಿನಿಧ್ಯ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸೆರೆವಾಸದ ಶಿಕ್ಷೆಯಾದವನು ಅಂದಿನಿಂದ ಅನರ್ಹ. ಬಿಡುಗಡೆಯಾದ ಮೇಲೂ ಆರು ವರ್ಷ ಅನರ್ಹ. ಭ್ರಷ್ಟಾಚಾರವೇ ಮೊದಲಾದ ಕೆಲವು ಅಪರಾಧಗಳಿಗೆ ಬರಿಯ ದಂಡವಾದರೂ ಸಾಕು. ಹಿಂದೆ ಶಾಸಕರಿಗೂ ಸಂಸದರಿಗೂ ಒಂದು ರಿಯಾಯಿತಿ ಇತ್ತು: ಮೂರು ತಿಂಗಳೊಳಗೆ ಅಪೀಲು ಹಾಕಿದರೆ ಅಪೀಲು ಮುಗಿಯುವವರೆಗೆ ಸ್ಥಾನಕ್ಕೆ ಚ್ಯುತಿಯಿಲ್ಲ. ಕೇರಳ ಮೂಲದ ವಕೀಲೆ ಲಿಲಿ ಥಾಮಸ್ ಅವರು ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2013ರ ಜುಲೈ 10ರಂದು ಆ ರಿಯಾಯಿತಿಯನ್ನು ರದ್ದು ಮಾಡಿತು. ಅಂದಿನಿಂದ ನ್ಯಾಯಾಧೀಶರು ಶಿಕ್ಷೆಯನ್ನು ಓದಿ ಹೇಳಿದ ಕ್ಷಣವೇ ಕುರ್ಚಿ ಹೋಗುತ್ತದೆ. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪಿನಿಂದ ಜಯಲಲಿತಾ ಅವರು ಮುಖ್ಯಮಂತ್ರಿ ಸ್ಥಾನದಿಂದ ಇಳಿಯಬೇಕಾದುದು ಹೀಗೆಯೇ.

ಒಂದು ದಿನದ ಅಂತರ

ಇಲ್ಲಿಂದ ವಿಷಯ ಸ್ವಲ್ಪ ಸೂಕ್ಷ್ಮವಾಗುತ್ತದೆ. ಎರಡು ವರ್ಷವೆಂಬುದು ಗೆರೆಯಾದರೆ, ಗೆರೆಯ ಈಚೆಗೋ ಆಚೆಗೋ ಎಂಬುದನ್ನು ನಿರ್ಣಯಿಸುವವರು ಯಾರು? ಕೆಳಗಿನ ಕೋರ್ಟಿನ ಒಬ್ಬ ನ್ಯಾಯಾಧೀಶರು. 2019ರ ಏಪ್ರಿಲಿನಲ್ಲಿ ನಮ್ಮ ಕೋಲಾರದಲ್ಲಿ ಮಾಡಿದ ಭಾಷಣಕ್ಕಾಗಿ ವಯನಾಡಿನ ಸಂಸದರಾಗಿದ್ದ ರಾಹುಲ್ ಗಾಂಧಿಯವರ ಮೇಲೆ ಸೂರತ್ತಿನಲ್ಲಿ ಮಾನಹಾನಿಯ ಖಟ್ಲೆ ನಡೆಯಿತು. 2023ರ ಮಾರ್ಚ್ 23ರಂದು ಅವರಿಗೆ ಎರಡು ವರ್ಷ ಶಿಕ್ಷೆಯಾಯಿತು. ಮಾನಹಾನಿಗೆ ಕಾಯ್ದೆ ಅನುಮತಿಸುವ ಪರಮಾವಧಿಯೇ ಎರಡು ವರ್ಷ. ಮರುದಿನ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟು ತಡೆ ಕೊಡುವಾಗ, ಪರಮಾವಧಿ ಶಿಕ್ಷೆಯನ್ನೇ ಏಕೆ ಕೊಡಬೇಕಾಯಿತೆಂಬುದಕ್ಕೆ ಕೆಳಗಿನ ನ್ಯಾಯಾಧೀಶರು ಕಾರಣ ಹೇಳಿಲ್ಲವೆಂದೂ, ಶಿಕ್ಷೆ ಒಂದೇ ದಿನ ಕಡಿಮೆಯಾಗಿದ್ದರೂ ಅನರ್ಹತೆ ತಗಲುತ್ತಿರಲಿಲ್ಲವೆಂದೂ ಎತ್ತಿ ತೋರಿಸಿತು. ನಾವು ಯಾವ ಪಕ್ಷದವರಾದರೂ ಆಗಲಿ, ಈ ಮಾತಿನ ಬಳಿ ಒಂದು ಗಳಿಗೆ ನಿಲ್ಲಬೇಕು. ಲಕ್ಷಗಟ್ಟಲೆ ಜನ ಬಿಸಿಲಲ್ಲಿ ಸಾಲುನಿಂತು ಕೊಟ್ಟ ಮತ ಉಳಿಯುವುದೋ ಅಳಿಯುವುದೋ ಎಂಬುದು ಒಂದು ದಿನದ ಮೇಲೆ ನಿಂತಿತ್ತು.

ಅಧ್ಯಾಪಕನಾದ ನನಗೆ ಇದು ಮೌಲ್ಯಮಾಪನದ ಕ್ಯಾಂಪಿನಂತೆ ಕಾಣುತ್ತದೆ. ತೇರ್ಗಡೆಗೆ ಇಷ್ಟು ಅಂಕ ಎಂಬ ಗೆರೆ ಇರುವಾಗ ಅದರ ಹತ್ತಿರ ಬಂದ ಉತ್ತರಪತ್ರಿಕೆಯನ್ನು ತಿದ್ದುವವನ ಕೈ ನಡುಗುತ್ತದೆ. ಅರ್ಧ ಅಂಕ ಸೇರಿಸಲೇ, ಬಿಡಲೇ? ಸೇರಿಸುವವರಿದ್ದಾರೆ, ಬಿಡುವವರೂ ಇದ್ದಾರೆ. ಅದಕ್ಕಾಗಿಯೇ ಉತ್ತರಸೂಚಿ ಎಂಬುದೊಂದನ್ನು ನಮ್ಮ ಕೈಗೆ ಕೊಡುತ್ತಾರೆ: ಈ ಅಂಶ ಬರೆದರೆ ಒಂದು ಅಂಕ, ಆ ಅಂಶಕ್ಕೆ ಅರ್ಧ. ನಮ್ಮ ಕ್ರಿಮಿನಲ್ ನ್ಯಾಯಾಧೀಶರ ಕೈಯಲ್ಲಿ ಇಂತಹ ಸೂಚಿ ಇಲ್ಲ. ಏಳು ವರ್ಷಗಳವರೆಗೆ ಎಂದು ಕಾಯ್ದೆ ಹೇಳಿದರೆ ಏಳು ದಿನವೂ ಆಗಬಹುದು, ಏಳು ವರ್ಷವೂ ಆಗಬಹುದು. ಅಪರಾಧಿಯೆಂದು ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಅವನನ್ನು ಪ್ರತ್ಯೇಕವಾಗಿ ಕೇಳಬೇಕೆಂಬ ಒಳ್ಳೆಯ ಕಟ್ಟಳೆ 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಬಂತು. 2024ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಕೇಳಿದ ಮೇಲೆ ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಮಾತ್ರ ಎಲ್ಲಿಯೂ ಬರೆದಿಲ್ಲ. ಕರ್ನಾಟಕ, ಕೇರಳ ಎರಡೂ ಹೈಕೋರ್ಟುಗಳಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳೀಮಠರ ಸಮಿತಿ 2003ರ ವರದಿಯಲ್ಲಿ ಇಂತಹ ಅಳತೆಗೋಲೊಂದನ್ನು ರೂಪಿಸಬೇಕೆಂದು ಶಿಫಾರಸು ಮಾಡಿತು. ಆ ವರದಿಯ ಬೇರೆ ಕೆಲವು ಮಾತುಗಳಿಗೆ ಬಂದ ಟೀಕೆಯ ಗದ್ದಲದಲ್ಲಿ ಇದು ಮೂಲೆಗೆ ಬಿತ್ತು.

ಅಮೆರಿಕದಲ್ಲಿ ಈ ಚರ್ಚೆ ಐವತ್ತು ವರ್ಷ ಹಳೆಯದು. ನ್ಯೂಯಾರ್ಕಿನಲ್ಲಿ ಕೇಂದ್ರ ನ್ಯಾಯಾಧೀಶರಾಗಿದ್ದ ಮಾರ್ವಿನ್ ಫ್ರಾಂಕೆಲ್ ಎಂಬವರು 1973ರಲ್ಲಿ ಒಂದು ಸಣ್ಣ ಪುಸ್ತಕ ಬರೆದು, ಶಿಕ್ಷೆ ವಿಧಿಸುವ ಕೆಲಸದಲ್ಲಿ ತಮ್ಮಂತಹ ನ್ಯಾಯಾಧೀಶರಿಗಿರುವ ಅಧಿಕಾರ ಕಾನೂನಿಗೆ ಒಳಪಡದ ಅಧಿಕಾರವೆಂದು ಹೇಳಿದರು. ತನ್ನ ಕುರ್ಚಿಯ ಮೇಲೆ ತಾನೇ ಆಕ್ಷೇಪ ಎತ್ತಿದ ಧೈರ್ಯವನ್ನು ಮೆಚ್ಚಲೇಬೇಕು. ಆ ಪುಸ್ತಕದಿಂದ ಎದ್ದ ವಾದವಿವಾದಗಳ ಫಲವಾಗಿ 1984ರಲ್ಲಿ ಕಾಯ್ದೆಯಾಗಿ, 1987ರಲ್ಲಿ ಒಂದು ಕೋಷ್ಟಕವೇ ಜಾರಿಗೆ ಬಂತು. ಕೆಳಗಿಂದ ಮೇಲಕ್ಕೆ ಅಪರಾಧದ ಗುರುತ್ವದ 43 ಮೆಟ್ಟಿಲುಗಳು, ಅಡ್ಡಕ್ಕೆ ಅಪರಾಧಿಯ ಪೂರ್ವಚರಿತ್ರೆಯ 6 ಕಂಬಗಳು. ಎರಡೂ ಕೂಡುವ ಮನೆಯಲ್ಲಿ ಇಷ್ಟರಿಂದ ಇಷ್ಟು ತಿಂಗಳು ಎಂದು ಬರೆದಿರುತ್ತದೆ. ಗೋಡೆಗೆ ತೂಗುಹಾಕಿದ ಮಗ್ಗಿಯ ಹಾಗೆ! ಮಗ್ಗಿಯಿಂದ ಮನುಷ್ಯನನ್ನು ಅಳೆಯಲಾಗದೆಂದು ನ್ಯಾಯಾಧೀಶರೂ ಪ್ರಾಧ್ಯಾಪಕರೂ ದೂರಿದರು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬುಕರ್ ಎಂಬವನ ಖಟ್ಲೆಯಲ್ಲಿ, ಕೋಷ್ಟಕವನ್ನು ನೋಡಬೇಕು, ಆದರೆ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ ಎಂದು ಸಡಿಲಿಸಿತು. ಉತ್ತರಸೂಚಿಯನ್ನು ಎದುರಿಗಿಟ್ಟುಕೊಂಡು, ಬೇಕಾದಾಗ ಕಾರಣ ಬರೆದು ಅದರಿಂದ ಸರಿಯಬಹುದೆಂಬ ಈ ಮಧ್ಯಮ ಮಾರ್ಗ ನನಗಂತೂ ಹಿಡಿಸಿತು. ಸೂರತ್ತಿನಲ್ಲಿ ಆ ಕಾರಣವೇ ಇರಲಿಲ್ಲ.

ವಾಗ್ದಂಡನೆ ಎಂಬ ತಪ್ಪು ಹೆಸರು

ಆದರೆ ಶಿಕ್ಷೆಗೂ ಕುರ್ಚಿಗೂ ಅಮೆರಿಕದಲ್ಲಿ ನಮ್ಮಲ್ಲಿರುವ ನಂಟು ಇಲ್ಲ. ಅಧಿಕಾರದಲ್ಲಿರುವವನನ್ನು ಕೆಳಗಿಳಿಸಲು ಅಲ್ಲಿ ಇಂಪೀಚ್‌ಮೆಂಟ್ ಎಂಬ ಬೇರೆಯೇ ವಿಧಾನವಿದೆ. ನಮ್ಮ ಪತ್ರಿಕೆಗಳು ಇದನ್ನು ವಾಗ್ದಂಡನೆ ಎನ್ನುವುದುಂಟು. ಮಾತಿನಿಂದ ಗದರಿಸಿ ಬಿಡುವ ಶಿಕ್ಷೆಯೆಂದು ವಿದ್ಯಾರ್ಥಿಗಳು ಅರ್ಥಮಾಡಿಕೊಳ್ಳುತ್ತಾರೆ. ಮಹಾಭಿಯೋಗವೆಂಬುದೇ ಸರಿ. ಪ್ರತಿನಿಧಿ ಸಭೆಯು ಬಹುಮತದಿಂದ ಆರೋಪ ಹೊರಿಸುತ್ತದೆ. ಸೆನೆಟ್ ವಿಚಾರಣೆ ನಡೆಸಿ ಮೂರನೇ ಎರಡರಷ್ಟು ಮತದಿಂದ ತೀರ್ಮಾನಿಸುತ್ತದೆ. ಆ ತೀರ್ಮಾನವು ಪದವಿಯಿಂದ ಇಳಿಸುವುದನ್ನೂ ಮುಂದೆ ಪದವಿ ಸಿಗದಂತೆ ಮಾಡುವುದನ್ನೂ ಮೀರಿ ಹೋಗಬಾರದೆಂದು ಸಂವಿಧಾನದಲ್ಲಿಯೇ ಬರೆದಿದೆ. ಸೆರೆಮನೆಗೆ ಕಳಿಸುವುದು ಕೋರ್ಟಿನ ಕೆಲಸ. ಇಳಿಸುವುದು ಬೇರೆ, ದಂಡಿಸುವುದು ಬೇರೆ.

ಈ ವ್ಯವಸ್ಥೆಯ ವಿಚಿತ್ರ ಫಲಗಳನ್ನು ಎರಡು ಉದಾಹರಣೆಗಳಿಂದ ತೋರಿಸಬಹುದು. ನೆವಾಡಾ ರಾಜ್ಯದಲ್ಲಿ ಹ್ಯಾರಿ ಕ್ಲೇಬೋರ್ನ್ ಎಂಬ ಕೇಂದ್ರ ನ್ಯಾಯಾಧೀಶರಿದ್ದರು. ಆದಾಯ ತೆರಿಗೆ ವಂಚನೆಗಾಗಿ 1984ರಲ್ಲಿ ಅವರಿಗೆ ಶಿಕ್ಷೆಯಾಯಿತು. ಎಷ್ಟು? ಸರಿಯಾಗಿ ಎರಡು ವರ್ಷ. ನಮ್ಮ ಶಾಸಕನಾಗಿದ್ದರೆ ಆ ದಿನವೇ ಮನೆಗೆ. ಅವರು 1986ರಲ್ಲಿ ಸೆರೆಮನೆಗೆ ಹೋದಾಗಲೂ ಪದವಿ ಬಿಡಲಿಲ್ಲ; ಸೆರೆಮನೆಯಲ್ಲಿ ಕುಳಿತೇ ನ್ಯಾಯಾಧೀಶರ ಸಂಬಳ ಪಡೆಯುತ್ತಿದ್ದರು! ಕೊನೆಗೆ ಅಕ್ಟೋಬರಿನಲ್ಲಿ ಸೆನೆಟ್ ಸೇರಿ ಅವರನ್ನು ಇಳಿಸಬೇಕಾಯಿತು.

ಇನ್ನೊಬ್ಬರು ಫ್ಲೋರಿಡಾದ ಆಲ್ಸೀ ಹೇಸ್ಟಿಂಗ್ಸ್. ಲಂಚದ ಖಟ್ಲೆಯಲ್ಲಿ 1983ರಲ್ಲಿ ಜ್ಯೂರಿಯವರು ಇವರನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟರು. ಆದರೂ ಅದೇ ವಿಷಯದಲ್ಲಿ ಮಹಾಭಿಯೋಗ ನಡೆದು 1989ರಲ್ಲಿ ಸೆನೆಟ್ ಇವರನ್ನು ನ್ಯಾಯಾಧೀಶ ಪದವಿಯಿಂದ ಇಳಿಸಿತು. ಮುಂದೆ ಪದವಿ ಸಿಗಬಾರದೆಂಬ ಎರಡನೆಯ ಮತವನ್ನು ಮಾತ್ರ ಹಾಕಲಿಲ್ಲ. ಅವರು 1992ರಲ್ಲಿ ಚುನಾವಣೆಗೆ ನಿಂತು, ತಮ್ಮ ಮೇಲೆ ಆರೋಪ ಹೊರಿಸಿದ ಆ ಪ್ರತಿನಿಧಿ ಸಭೆಗೇ ಆರಿಸಿ ಬಂದರು. 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಒಬ್ಬರು ಶಿಕ್ಷೆಗೊಳಗಾಗಿಯೂ ಕುರ್ಚಿಯಲ್ಲಿ. ಇನ್ನೊಬ್ಬರು ನಿರ್ದೋಷಿಯಾಗಿಯೂ ಹೊರಗೆ.

ಅಧ್ಯಕ್ಷರ ವಿಷಯ ಕೇಳುವುದೇ ಬೇಡ. 1868ರಲ್ಲಿ ಆಂಡ್ರ್ಯೂ ಜಾನ್ಸನ್ ಉಳಿದದ್ದು ಒಂದು ಮತದಿಂದ. ನಿಕ್ಸನ್ 1974ರಲ್ಲಿ ಮತ ಬೀಳುವ ಮೊದಲೇ ರಾಜೀನಾಮೆಯಿತ್ತರು. ಕ್ಲಿಂಟನ್ ಒಮ್ಮೆ, ಟ್ರಂಪ್ ಎರಡು ಬಾರಿ ಸೆನೆಟ್ಟಿನಲ್ಲಿ ಪಾರಾದರು. ಮಹಾಭಿಯೋಗದಿಂದ ಪದವಿ ಕಳೆದುಕೊಂಡ ಅಧ್ಯಕ್ಷ ಈವರೆಗೆ ಒಬ್ಬನೂ ಇಲ್ಲ; ಕಳೆದುಕೊಂಡ ಎಂಟು ಮಂದಿಯೂ ನ್ಯಾಯಾಧೀಶರು. 2024ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಜ್ಯೂರಿ ಟ್ರಂಪರನ್ನು 34 ಆರೋಪಗಳಲ್ಲಿ ಅಪರಾಧಿಯೆಂದಿತು. 2025ರ ಜನವರಿ 10ರಂದು ನ್ಯಾಯಾಧೀಶರು ಸೆರೆಯೂ ಇಲ್ಲದೆ ದಂಡವೂ ಇಲ್ಲದೆ ಬಿಟ್ಟರು. ಹತ್ತು ದಿನ ಕಳೆದು ಅವರು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಅಪರಾಧಿಯಾದವನು ಅಧ್ಯಕ್ಷನಾಗಬಾರದೆಂದು ಅಲ್ಲಿನ ಸಂವಿಧಾನದಲ್ಲಿಲ್ಲ.

ನಮ್ಮಲ್ಲಿಯೂ ಮಹಾಭಿಯೋಗವಿದೆ, ಆದರೆ ಅದು ರಾಷ್ಟ್ರಪತಿಗೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ನ್ಯಾಯಮೂರ್ತಿಗಳನ್ನೂ ಅದೇ ಬಗೆಯಲ್ಲಿ ಸಂಸತ್ತು ತೆಗೆಯಬಹುದು. 1993ರ ಮೇ 11ರಂದು ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿರುದ್ಧ ಲೋಕಸಭೆಯಲ್ಲಿ 196 ಮತ ಬಿತ್ತು. ಪರವಾಗಿ ಒಂದೂ ಇಲ್ಲ. ಆದರೂ 205 ಮಂದಿ ಮತ ಹಾಕದೆ ಕುಳಿತುದರಿಂದ ಗೊತ್ತುವಳಿ ಬಿತ್ತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ 2009ರಲ್ಲಿ ರಾಜ್ಯಸಭೆಯಲ್ಲಿ ಗೊತ್ತುವಳಿಗೆ ಸಹಿಗಳಾದವು. ಮುಗಿಯುವ ಮೊದಲೇ, 2011ರಲ್ಲಿ ಅವರು ರಾಜೀನಾಮೆ ಕೊಟ್ಟರು. 2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಯಶವಂತ ವರ್ಮಾ ಅವರ ವಿಷಯದಲ್ಲಿ ಲೋಕಸಭೆಯ ಅಧ್ಯಕ್ಷರು ನೇಮಿಸಿದ ಮೂವರ ಸಮಿತಿಯಲ್ಲಿ ನಮ್ಮ ಉಡುಪಿ ಕಡೆಯ ಬೆಳಪಿನ ಹಿರಿಯ ವಕೀಲ ಬಿ.ವಿ. ಆಚಾರ್ಯರಿದ್ದರು. ಜಯಲಲಿತಾ ಖಟ್ಲೆಯಲ್ಲಿ ಸರಕಾರದ ಪರ ವಾದಿಸಿದವರೂ ಅವರೇ.

ಶಾಸಕರಿಗೂ ಸಂಸದರಿಗೂ ಮಾತ್ರ ನಮ್ಮಲ್ಲಿ ಮಹಾಭಿಯೋಗವಿಲ್ಲ. ಅಪರಾಧದ ಕಾರಣದಿಂದ ಅವರು ಇಳಿಯಬೇಕಾದರೆ ಶಿಕ್ಷೆಯ ಅಳತೆಯೇ ಗತಿ. ಈಗ ಶಿಕ್ಷೆಯವರೆಗೂ ಕಾಯುವುದು ಬೇಡವೆನ್ನುವ ವಾದವೂ ಹುಟ್ಟಿದೆ. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡಿಸಿದ ಸಂವಿಧಾನದ 130ನೆಯ ತಿದ್ದುಪಡಿ ಮಸೂದೆಯ ಪ್ರಕಾರ, ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಬಹುದಾದ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದ ಮಂತ್ರಿ ಪದವಿ ಬಿಡಬೇಕು. ಪ್ರಧಾನಿಗೂ ಇದೇ ನಿಯಮ. ಮಸೂದೆಯನ್ನು ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಎರಡು ವರ್ಷದ ಗೆರೆಯನ್ನು ಹಾಕುವವನು ನ್ಯಾಯಾಧೀಶನಾದರೂ ಆಗಿದ್ದ. ಮೂವತ್ತು ದಿನದ ಗೆರೆಯನ್ನು ಹಾಕುವವನು ಬಂಧಿಸುವ ಪೊಲೀಸನೂ ಜಾಮೀನು ಕೊಡದ ಕೋರ್ಟೂ ಸೇರಿ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಹಾಗೆಂದು ಸೆರೆಮನೆಯಿಂದ ಸಂಬಳ ಪಡೆಯುವ ಕ್ಲೇಬೋರ್ನ್ ನಮಗೆ ಬೇಕೆಂದೂ ಅಲ್ಲ.

ಮತ್ತೆ ಗದ್ವಾಲಕ್ಕೆ ಬರೋಣ. ಹಿರಿಯರ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿದ್ದು ಜನಪ್ರಾತಿನಿಧ್ಯ ಕಾಯ್ದೆಯ 125-ಎ ಕಲಮಿನಲ್ಲಿ. ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿದ ಅಥವಾ ಮಾಹಿತಿ ಮರೆಸಿದ ಅಭ್ಯರ್ಥಿಗೆ ಅದು ಹೇಳುವ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು. ಎಂದಮೇಲೆ ಅಂತಹ ತಪ್ಪನ್ನು ಕ್ರಿಮಿನಲ್ ಕೋರ್ಟಿನಲ್ಲಿ ಸಾಬೀತುಗೊಳಿಸಿದರೂ ಎರಡು ವರ್ಷದ ಗೆರೆ ಮುಟ್ಟುವುದೇ ಇಲ್ಲ, ಕುರ್ಚಿ ಅಲುಗುವುದಿಲ್ಲ. ಉಳಿಯುವುದು ಚುನಾವಣಾ ಅರ್ಜಿಯೊಂದೇ. ಅದು ಗದ್ವಾಲದಲ್ಲಿ ಹಿಡಿದ ಕಾಲವನ್ನು ನೋಡಿದೆವು. ಕಾನೂನು ಆಯೋಗವು 2014ರ ಫೆಬ್ರವರಿಯಲ್ಲಿ ಕೊಟ್ಟ 244ನೆಯ ವರದಿಯಲ್ಲಿ ಈ ಶಿಕ್ಷೆಯನ್ನು ಕನಿಷ್ಠ ಎರಡು ವರ್ಷಕ್ಕೆ ಏರಿಸಬೇಕೆಂದೂ, ಅದರಿಂದ ಅನರ್ಹತೆ ಬರಬೇಕೆಂದೂ ಸೂಚಿಸಿತು. ಆಸ್ತಿಯ ವಿವರ ಕೇಳುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಆ ಹಕ್ಕಿಗೆ ಕಾವಲಾಗಿ ನಿಂತದ್ದು ಈ ಆರು ತಿಂಗಳ ಕಲಮು.

ಜೂನ್ 11ರಂದು ತೆಲಂಗಾಣ ಹೈಕೋರ್ಟು ಜನಾರ್ದನ ರೆಡ್ಡಿಯವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು; ಬಳಿಕ ಅವರ ಶಾಸಕತ್ವವೂ ಮರಳಿತು. ಆ ಸುದ್ದಿ ಬಂದಾಗ ನನ್ನ ಸ್ನೇಹಿತರು ಮಕ್ತಲದಿಂದ ಫೋನು ಮಾಡಿದರು. ಗಟ್ಟು ಕಡೆಯ ಆ ಹಿರಿಯರು ಅವರ ಮನೆಗೇ ಬಂದಿದ್ದರು. ಫೋನು ಇಸಿದುಕೊಂಡು, "ಹೋದದ್ದೂ ಲಗೂನ, ಬಂದದ್ದೂ ಲಗೂನ, ಅಲ್ರೀ ಮಾಸ್ತರ?" ಎಂದರು. ನಾನು 125-ಎ ಕಲಮಿನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ನಂಬರನ್ನೂ ಅದರಲ್ಲಿ ಏನಿದೆಯೆಂಬುದನ್ನೂ ಕನ್ನಡದಲ್ಲಿ ಬರೆದು ಕಳಿಸಿರಿ, ತೆಲುಗಿನಲ್ಲಾದರೆ ತಮಗೆ ಓದಲು ತಡವಾಗುತ್ತದೆ ಎಂದರು. ಮರುದಿನವೇ ಬರೆದು ಅಂಚೆಗೆ ಹಾಕಿದೆ.